ಬೆನ್ನುಗಲ್ಲಿನ ಬಯಲು

ಹಿರೇಮಟ್ಟಿಯ ಕೋಟೆ ನೋಡಲು ಬರುವವರು ಪಡುವಣ ಬಾಗಿಲಿನಾಚೆಯ ಕಾಳಗದ ಬಯಲಿಗೂ ಹೋಗುತ್ತಾರೆ. ಅಲ್ಲಿ ಆಳೆತ್ತರದ ವೀರಗಲ್ಲೊಂದಿದೆ. ಕುದುರೆಯೇರಿ ಕತ್ತಿ ಹಿರಿದ ವೀರ, ಮೇಲೆ ಚಾಮರ ಬೀಸುವ ಅಪ್ಸರೆಯರು, ಕೆಳಗೆ ಜಡೆಪ್ಪನಾಯಕನೆಂಬ ಹೆಸರು. ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಬಯಲಿಗೆ ಬೆನ್ನುಗಲ್ಲಿನ ಬಯಲೆಂಬ ಹೆಸರೇಕೆ ಬಂತೆಂದು ಕೇಳುವವರು ಕಡಿಮೆ.

ಹಿಂದೆ ಒಮ್ಮೆ ಹಿರೇಮಟ್ಟಿಯ ದೊರೆಗೂ ನೆರೆಯ ದೊರೆಗೂ ಇಲ್ಲಿ ಕಾಳಗವಾಯಿತು. ಕಾರಣ ಕೇಳಿದರೆ ನಗು ಬರುತ್ತದೆ: ಒಂದು ಬೇಟೆನಾಯಿ. ಆ ನಾಯಿಗಾಗಿ ಕಾಲಾಳುಗಳು ನಿಂತಲ್ಲೇ ಕಾದಾಡಿ ಸತ್ತರು. ದೊರೆಯ ಭಾವಮೈದುನ ಜಡೆಪ್ಪನಾಯಕ ಮಾತ್ರ ಕಾಲಿಗೆ ಬುದ್ಧಿ ಹೇಳಿದ. ಓಡುವ ಭರದಲ್ಲಿ ಕುದುರೆಯಿಂದ ಉರುಳಿ ಕತ್ತು ಮುರಿದುಕೊಂಡ ಎನ್ನುತ್ತಾರೆ. ಕಲ್ಲು ನಿಂತದ್ದು ಅವನಿಗೆ! ಕಾದು ಸತ್ತವರನ್ನು ಗುಂಡಿಗೆ ಹಾಕಿ ಮಣ್ಣೆಳೆದರು, ಗುರುತಿಗೊಂದು ಗುಂಡುಕಲ್ಲನ್ನೂ ಇಡಲಿಲ್ಲ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ವರ್ಷ ತುಂಬಿದಾಗ ಹೊಳೆಯಾಚೆಯ ಊರಿನಿಂದ ಹುಲಿಗೆವ್ವ ಎಂಬವಳು ನಡೆದು ಬಂದಳು. ಅವಳ ಗಂಡ ಅದೇ ಕಾಳಗದಲ್ಲಿ ಸತ್ತ ಕಾಲಾಳು. ವರ್ಷದ ಎಡೆಯನ್ನು ಸತ್ತವನ ಕಲ್ಲಿನ ಬುಡದಲ್ಲೇ ಇಡಬೇಕು, ಇಲ್ಲದಿದ್ದರೆ ಅವನು ಹಸಿದೇ ಅಲೆಯುತ್ತಾನೆ ಎಂಬುದು ಅವರ ನಂಬಿಕೆ. ರೊಟ್ಟಿ, ಪುಂಡಿಪಲ್ಯದ ಬುಟ್ಟಿ ಹೊತ್ತು ಅವಳು ಬಯಲೆಲ್ಲ ಸುತ್ತಿದಳು. ಇದ್ದದ್ದು ಒಂದೇ ಕಲ್ಲು, ಅದಕ್ಕೊಬ್ಬ ಕಾವಲುಗಾರ.

"ನಮ್ಮ ಮನಿಯವ್ರನ್ನ ಎಲ್ಲಿ ಮಣ್ಣು ಮಾಡೀರಪಾ?" ಎಂದು ಅವನನ್ನು ಕೇಳಿದಳು.

"ಹೆಸರೇನಬೇ ಅವರದು?"

ಗಂಡನ ಹೆಸರನ್ನು ಹೆಂಡತಿಯಾದವಳು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಹುಲಿಗೆವ್ವ ಕಲ್ಲಿನ ಮುಂದೆ ಬುಟ್ಟಿ ಇಳಿಸಹೋದಳು. ಕಾವಲುಗಾರ ನಕ್ಕ. "ಹೆಸರಿಲ್ಲದವ್ರಿಗೆ ಎಲ್ಲೀ ಕಲ್ಲು? ಇದು ನಾಯಕರದು. ಇದರ ಮುಂದ ನಿನ್ನ ಬುಟ್ಟಿ ಇಳಿಸಬ್ಯಾಡ."

ಅವಳಿಗೆ ಮೈಯೆಲ್ಲ ಉರಿಯಿತು. ಬಿರಬಿರನೆ ಕಲ್ಲನ್ನು ಸುತ್ತಿ ಹಿಂದೆ ಹೋದಳು. ಅಲ್ಲಿ ವೀರನಿಲ್ಲ, ಅಪ್ಸರೆಯರಿಲ್ಲ, ಒಂದು ಅಕ್ಷರವೂ ಇಲ್ಲ.

"ಮುಂದಿನ ಮಾರಿ ನಿಮ್ಮ ನಾಯಕರೇ ಇಟ್ಕೊಳ್ಳಲಿ. ಈ ಬೆನ್ನಿಗೂ ಹೆಸರಿಲ್ಲ, ನಾನೂ ಹೆಸರು ಹೇಳಾಂಗಿಲ್ಲ. ಇದು ನಮ್ಮ ಮನಿಯವ್ರದು!" ಎಂದವಳೇ ಕಲ್ಲಿಗೆ ಎಣ್ಣೆ ಬಳಿದು ಎಡೆ ಇಟ್ಟಳು. ಕಾವಲುಗಾರನಿಗೆ ಕಲ್ಲಿನ ಮುಂದೆ ಯಾರನ್ನೂ ಬಿಡಬೇಡವೆಂದು ಅಪ್ಪಣೆಯಿತ್ತೇ ಹೊರತು ಹಿಂಬದಿಯ ಮಾತನ್ನು ಯಾರೂ ಹೇಳಿರಲಿಲ್ಲ. ಸುದ್ದಿ ಹಬ್ಬಿತು. ಮರುವರ್ಷ ಸತ್ತ ಬೇರೆ ಕಾಲಾಳುಗಳ ಹೆಂಡಂದಿರೂ ಬುಟ್ಟಿ ಹೊತ್ತು ಬಂದರು. ಒಬ್ಬಳೂ ನಾಯಕನ ಕಡೆ ಕಣ್ಣೆತ್ತಿ ನೋಡಲಿಲ್ಲ.

ಇಂದಿಗೂ ಜಡೆಪ್ಪನಾಯಕನ ಮುಖದ ತುಂಬ ಹಕ್ಕಿಗಳ ಹಿಕ್ಕೆ. ಫೋಟೊ ಮುಗಿಸಿ ಹಿಂದೆ ಸುತ್ತಿ ಬಂದವರಿಗೆ ಎಣ್ಣೆ ಕುಡಿದು ಕಪ್ಪಗೆ ಮಿನುಗುವ ಬೋಳು ಬೆನ್ನು ಕಾಣುತ್ತದೆ, ಬುಡದಲ್ಲಿ ರೊಟ್ಟಿಯ ಎಡೆ ಕಾಣುತ್ತದೆ. ಯಾರಿಗೆಂದು ಕೇಳಿದರೆ ಅಲ್ಲಿಯ ಹೆಂಗಸರು ಯಾವ ಹೆಸರನ್ನೂ ಹೇಳುವುದಿಲ್ಲ. "ನಮ್ಮ ಮನಿಯವ್ರಿಗೆ" ಎನ್ನುತ್ತಾರೆ.