ಚಂಪವ್ವ ಭಕ್ಷೀಸು ಬಿಟ್ಟದ್ದು

ಪಟ್ಟಣಕ್ಕೆ ಹೋಗಿ ಬಂದ ಸೋಮಲಿಂಗನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ:

"ಅಜ್ಜನವರೇ, ಇವತ್ತು ಖಾನಾವಳಿಯಲ್ಲಿ ಉಂಡೆ. ಏಳುವಾಗ ಬಡಿಸಿದವನ ಕೈಗೆ ಭಕ್ಷೀಸು ಕೊಟ್ಟೆ. ಆತ ಅದನ್ನು ಜೇಬಿಗೆ ಹಾಕಿಕೊಂಡು ಪಕ್ಕದ ಎಲೆಗೆ ಹೋದ. ಕೈ ಮುಗಿಯಲಿಲ್ಲ, ಒಂದು ಮಾತೂ ಆಡಲಿಲ್ಲ. ಉಪಕಾರ ಸ್ಮರಣೆ ಇಲ್ಲದವನಿಗೆ ದಾನ ಮಾಡಬೇಕೇ?"

"ನೀನು ಕೊಟ್ಟದ್ದು ದಾನವೆಂದು ಖಾತ್ರಿಯೇ?" ಎಂದರು ಗುರುಗಳು.

"ಊಟದ ಬೆಲೆಯನ್ನು ಬೇರೆ ಕೊಟ್ಟಿದ್ದೆ. ಇದು ನನ್ನ ಮನಸ್ಸಿಗೆ ಬಂದು ಕೊಟ್ಟದ್ದು. ದಾನವಲ್ಲದೆ ಇನ್ನೇನು?"

ಗುರುಗಳು ಈ ಕತೆ ಹೇಳಿದರು.

ಹೊಳೆ ದಾಟುವ ಕಡವಿನ ಬಳಿ ಒಂದು ಖಾನಾವಳಿ ಇತ್ತು. ಒಳಗಿನ ಪಡಸಾಲೆಯಲ್ಲಿ ವರ್ತಕರು ಕುಳಿತು ಉಣ್ಣುತ್ತಿದ್ದರು. ಹೊರಗಿನ ಜಗಲಿಯಲ್ಲಿ ಗಾಡಿ ಹೊಡೆಯುವವರು ಉಣ್ಣುತ್ತಿದ್ದರು. ಪಡಸಾಲೆಯಲ್ಲಿ ಬಡಿಸುವವಳು ಚಂಪವ್ವ. ಜಗಲಿಯಲ್ಲಿ ಬಡಿಸುವವಳು ಅವಳಿಗಿಂತ ಹಿರಿಯಳಾದ ದ್ಯಾಮವ್ವ. ಬೇರೆ ಕೆಲವರೂ ಇದ್ದರು. ಎಲ್ಲರಿಗೂ ಒಡೆಯ ತಿಂಗಳಿಗೊಮ್ಮೆ ಕೂಲಿ ಕೊಡುತ್ತಿದ್ದ.

ಚಂಪವ್ವನ ಬಡಿಸುವಿಕೆ ಚುರುಕು. ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ರೊಟ್ಟಿ ಎಲೆಗೆ ಬರುತ್ತಿತ್ತು. ಯಾರಿಗೆ ಖಾರ ಒಗ್ಗುವುದಿಲ್ಲ, ಯಾರು ಮಜ್ಜಿಗೆ ಇಲ್ಲದೆ ಏಳುವುದಿಲ್ಲ ಎಂಬುದು ಅವಳಿಗೆ ನೆನಪಿರುತ್ತಿತ್ತು. ವರ್ತಕರು ಮೆಚ್ಚಿ ಅವಳ ಕೈಗೆ ಒಂದೆರಡು ಕಾಸು ಹಾಕತೊಡಗಿದರು. ಒಬ್ಬ ಕೊಟ್ಟದ್ದನ್ನು ನೋಡಿ ಇನ್ನೊಬ್ಬ ಕೊಟ್ಟ. ಬರಬರುತ್ತ ಅದು ರೂಢಿಯಾಯಿತು.

ಒಡೆಯನೂ ನೋಡಿದ. ಮೊದಲು ಎಲ್ಲರ ಕೂಲಿ ಇಳಿಸಿದ. ಆಮೇಲೆ ನಿಲ್ಲಿಸಿಯೇಬಿಟ್ಟ. "ಗಿರಾಕಿಗಳು ಕೊಡುತ್ತಾರಲ್ಲ, ಮತ್ತೆ ನಾನು ಯಾಕೆ ಕೊಡಲಿ?" ಎಂದ. ಬಡಿಸುವವರು ಅಲ್ಲಿ ಉಂಡ ಊಟಕ್ಕೂ ಬೆಲೆ ಕೇಳತೊಡಗಿದ.

ಚಂಪವ್ವನಿಗೆ ಇದರ ಬಿಸಿ ತಟ್ಟಲಿಲ್ಲ. ಅವಳ ಸೆರಗಿನ ಗಂಟು ಹಳೆಯ ಕೂಲಿಗಿಂತ ಭಾರವಾಗಿಯೇ ಇತ್ತು. ದ್ಯಾಮವ್ವ ಮಂಕಾಗಿ ಕುಳಿತದ್ದನ್ನು ಕಂಡು ಅವಳು ಒಮ್ಮೆ ಹೇಳಿದಳು:

"ಚಿಗವ್ವ, ನೀನೂ ನಾಲ್ಕು ಮಾತು ನಗುನಗುತ್ತ ಆಡಿ ಬಡಿಸು. ನಿನಗೂ ಕೊಡುತ್ತಾರೆ."

"ಜಗಲಿಯವರು ತಮ್ಮ ಎತ್ತಿಗೇ ಹಿಂಡಿ ಕೊಳ್ಳಲಾರರು ಮಗಳೇ. ನನ್ನ ನಗುವಿಗೆ ಎಲ್ಲಿಂದ ತಂದು ಕೊಡುತ್ತಾರೆ?" ಎಂದಳು ದ್ಯಾಮವ್ವ.

ಚಂಪವ್ವ ತುಪ್ಪದ ಪಾತ್ರೆ ಎತ್ತಿಕೊಂಡು ಪಡಸಾಲೆಗೆ ಹೋದಳು. ಅವಳು ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಆದರೆ ಅವಳ ಕೈ ಬದಲಾಗಿತ್ತು. ತುಪ್ಪದ ಸೌಟು ಭಕ್ಷೀಸು ಕೊಡುವವನ ಎಲೆಯ ಮೇಲೆ ಹೆಚ್ಚು ಬಾಗುತ್ತಿತ್ತು. ಕೊಡದವನ ಎಲೆಯ ಮೇಲೆ ಬಾಗಿದಂತೆ ಮಾಡಿ ಮುಂದೆ ಹೋಗುತ್ತಿತ್ತು. ಒಂದು ದಿನ ಒಬ್ಬ ನೇಕಾರ ಪಡಸಾಲೆಯ ಮೂಲೆಯಲ್ಲಿ ಕುಳಿತು ಇನ್ನೊಂದು ರೊಟ್ಟಿಗಾಗಿ ಕಾದ. ಚಂಪವ್ವ ಅವನನ್ನು ನೋಡಿದಳು. ನೋಡಿಯೂ ಅವನನ್ನು ದಾಟಿ ಹೋದಳು. ಅವನು ಬರಿದಾದ ಎಲೆಯನ್ನು ಮಡಚಿ ಎದ್ದು ಹೋದ.

ಇದೇ ಕಾಲಕ್ಕೆ ಅರಸನ ತೆರಿಗೆ ಅಧಿಕಾರಿ ಆ ದಾರಿಯಲ್ಲಿ ಬಂದ. ಪಡಸಾಲೆಯಲ್ಲಿ ಕುಳಿತು ಉಂಡ. ಚಂಪವ್ವನ ಕೈಗೆ ಬೀಳುವ ಕಾಸುಗಳನ್ನು ಕಣ್ಣಾರೆ ಕಂಡ. ಕೈ ತೊಳೆದು ಬಂದು, ಭಕ್ಷೀಸೂ ಸಂಪಾದನೆಯೇ, ಸಂಪಾದನೆಗೆ ತೆರಿಗೆ ಉಂಟು ಎಂದ. ಯಾರಿಗೆ ಎಷ್ಟು ಬರುತ್ತದೆಂದು ವಿಚಾರಿಸುವ ಗೋಜಿಗೆ ಅವನು ಹೋಗಲಿಲ್ಲ. ಚಂಪವ್ವನಿಗೆ ಬಂದಷ್ಟೇ ಎಲ್ಲರಿಗೂ ಬರುತ್ತದೆಂದು ಹಿಡಿದು, ಎಲ್ಲರ ಮೇಲೂ ಒಂದೇ ತೆರಿಗೆ ಹಾಕಿದ.

"ನನಗೆ ಯಾರೂ ಕೊಡುವುದಿಲ್ಲ ಸ್ವಾಮಿ," ಎಂದಳು ದ್ಯಾಮವ್ವ.

"ಎಲ್ಲರೂ ಹಾಗೇ ಹೇಳುತ್ತಾರೆ," ಎಂದ ಅಧಿಕಾರಿ.

ದ್ಯಾಮವ್ವ ಮನೆಯ ಮುಂದೆ ಕಟ್ಟಿದ್ದ ಹಾಲು ಕರೆಯುವ ಮೇಕೆಯನ್ನು ಮಾರಿ ತೆರಿಗೆ ಕಟ್ಟಿದಳು.

ಸ್ವಲ್ಪ ದಿನಗಳಲ್ಲೇ, ಒಂದು ಮಧ್ಯಾಹ್ನ, ರೊಟ್ಟಿಯ ಬುಟ್ಟಿ ಹೊತ್ತು ಜಗಲಿಗೆ ಹೊರಟ ದ್ಯಾಮವ್ವ ಹೊಸ್ತಿಲ ಬಳಿ ಕುಸಿದು ಬಿದ್ದಳು. ಚಂಪವ್ವ ಓಡಿ ಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೀರು ಕುಡಿಸಿದಳು. ಹಿಂದಿನ ದಿನದಿಂದ ದ್ಯಾಮವ್ವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸುತ್ತಲೂ ಬಿಸಿ ರೊಟ್ಟಿಗಳು ಚೆಲ್ಲಿದ್ದವು. ಒಳಗೆ ಹಂಡೆಯ ತುಂಬ ಅನ್ನವಿತ್ತು. ಊರೆಲ್ಲ ಉಣ್ಣುವ ಮನೆಯಲ್ಲಿ ಬಡಿಸುವವಳು ಹಸಿದು ಬಿದ್ದಿದ್ದಳು.

ಚಂಪವ್ವ ಬಿದ್ದವಳ ಮುಖವನ್ನೇ ನೋಡುತ್ತ ಕುಳಿತಳು. ತನ್ನ ಕೈಗೆ ಬಿದ್ದ ಕಾಸು ನೋಡಿ ಒಡೆಯ ಎಲ್ಲರ ಕೂಲಿ ನಿಲ್ಲಿಸಿದ್ದ. ಅದೇ ಕಾಸು ನೋಡಿ ಅಧಿಕಾರಿ ಎಲ್ಲರ ಮೇಲೆ ತೆರಿಗೆ ಹಾಕಿದ್ದ. ಇಷ್ಟು ದಿನ ತನ್ನ ಅದೃಷ್ಟವೆಂದು ತಿಳಿದದ್ದು ಯಾರ ಹೊಟ್ಟೆಯ ಮೇಲೆ ಹೊಡೆದಿತ್ತು ಎಂಬುದು ಅವಳಿಗೆ ಈಗ ಕಾಣಿಸಿತು.

ಅವಳು ಉಳಿದವರನ್ನು ಕೂಡಿಸಿ ಹೇಳಿದಳು, ಇನ್ನು ಮೇಲೆ ತಾನು ಭಕ್ಷೀಸು ಮುಟ್ಟುವುದಿಲ್ಲ ಎಂದು. ಒಬ್ಬಳು ಕೇಳಿದಳು, "ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವಳು ನೀನೇ. ನಿನಗೇನು ಹುಚ್ಚೇ?"

"ಅದಕ್ಕೇ ಮೊದಲು ನಾನು ಬಿಡುತ್ತೇನೆ. ನೀವು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ," ಎಂದಳು ಚಂಪವ್ವ.

ಸಂತೆಯ ದಿನ ಬಂತು. ಪಡಸಾಲೆಯಲ್ಲೂ ಜಗಲಿಯಲ್ಲೂ ಕಾಲಿಡಲು ಜಾಗವಿರಲಿಲ್ಲ. ಮೊದಲ ಪಂಕ್ತಿ ಉಂಡಿತು. ಎಂದಿನಂತೆ ಉದಾರಿಯಾದ ಒಬ್ಬ ಎಣ್ಣೆ ವರ್ತಕ ಕಾಸು ಹಿಡಿದು ಕೈ ಚಾಚಿದ. ಚಂಪವ್ವ ಕೈ ನೀಡಲಿಲ್ಲ.

"ಯಾಕವ್ವ, ಕಡಿಮೆಯಾಯಿತೇ?"

"ಕಡಿಮೆಯಲ್ಲ ಧಣಿ. ನನಗೆ ಇದು ಬೇಡ. ಬಡಿಸಿದ್ದಕ್ಕೆ ಕೂಲಿ ಕೊಡಬೇಕಾದವರು ನಮ್ಮ ಒಡೆಯರು. ಅವರು ಕೊಡುತ್ತಿಲ್ಲ."

"ಎಷ್ಟು ಕಾಲದಿಂದ?"

"ನೀವು ಕೊಡಲು ಶುರು ಮಾಡಿದಂದಿನಿಂದ."

ವರ್ತಕ ಚಾಚಿದ ಕೈಯನ್ನು ನಿಧಾನವಾಗಿ ಹಿಂದೆ ತೆಗೆದುಕೊಂಡ.

ಒಡೆಯ ಒಳಗಿನಿಂದ ಬಂದ. ಅವನ ಮುಖ ಕೆಂಪಾಗಿತ್ತು. ಇಷ್ಟವಿಲ್ಲದಿದ್ದರೆ ಹೊರಡು, ಬಡಿಸಲು ಬೇರೆಯವರಿದ್ದಾರೆ ಎಂದ. ಚಂಪವ್ವ ತುಪ್ಪದ ಪಾತ್ರೆಯನ್ನು ಕೆಳಗಿಟ್ಟು ಹೊರಗೆ ಹೋಗಿ ಜಗಲಿಯ ಅಂಚಿನಲ್ಲಿ ಕುಳಿತಳು. ಹಿಂದಿನಿಂದ ಯಾರಾದರೂ ಬರುತ್ತಾರೋ ಇಲ್ಲವೋ ತಿರುಗಿ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ದ್ಯಾಮವ್ವ ಬಂದು ಕುಳಿತಳು. ಆಮೇಲೆ ಹುಚ್ಚೇ ಎಂದು ಕೇಳಿದವಳು ಬಂದಳು. ಒಬ್ಬೊಬ್ಬರಾಗಿ ಎಲ್ಲರೂ ಬಂದರು.

ಒಳಗೆ ಎರಡನೆಯ ಪಂಕ್ತಿ ಎಲೆ ಮುಂದೆ ಕುಳಿತಿತ್ತು. ಒಡೆಯ ತಾನೇ ಸೌಟು ಹಿಡಿದ. ಅನ್ನ ಹಾಕುವ ಮೊದಲೇ ಸಾರು ಸುರಿದ. ಸಾರು ಎಲೆ ದಾಟಿ ಒಬ್ಬನ ಪಂಚೆಗೆ ಹರಿಯಿತು. ಈ ತುದಿಗೆ ರೊಟ್ಟಿ ಹಾಕಿ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿಯವರ ಎಲೆ ಬರಿದಾಗಿತ್ತು. ಅವನು ಬೆವರಿನಲ್ಲಿ ತೊಯ್ದು ಪಡಸಾಲೆಯ ನಡುವೆ ನಿಂತ.

ಎಣ್ಣೆ ವರ್ತಕ ಇನ್ನೂ ಎದ್ದು ಹೋಗಿರಲಿಲ್ಲ. ಅವನು ಒಡೆಯನನ್ನು ಕೇಳಿದ, "ಊಟದ ಬೆಲೆ ನಾವು ಕೊಟ್ಟೆವು. ಬಡಿಸಿದ ಕೂಲಿಯನ್ನೂ ನಾವೇ ಕೊಟ್ಟೆವು. ನೀನು ಏನು ಕೊಟ್ಟೆ?"

ಒಡೆಯ ಉಸಿರು ತೆಗೆದುಕೊಂಡು ನಿಜವನ್ನೇ ಹೇಳಿದ. "ಕೂಲಿ ಕೊಡಬೇಕಾದರೆ ಊಟದ ಬೆಲೆ ಹೆಚ್ಚಿಸಬೇಕು. ಹೆಚ್ಚಿಸಿದರೆ ನೀವು ಆಚೆ ದಡದ ಖಾನಾವಳಿಯಲ್ಲಿ ಉಣ್ಣುತ್ತೀರಿ."

"ಹೆಚ್ಚಿಸಿ ನೋಡು," ಎಂದ ವರ್ತಕ. ಪಂಕ್ತಿಯಲ್ಲಿದ್ದ ಇನ್ನಿಬ್ಬರು ತಲೆಯಾಡಿಸಿದರು. ಹೊರಗಿನಿಂದ ಒಬ್ಬ ಗಾಡಿಯವನು, ನಮಗೂ ಒಪ್ಪಿಗೆ, ಮೊದಲು ರೊಟ್ಟಿ ಬರಲಿ ಎಂದ. ಜಗಲಿಯೆಲ್ಲ ನಕ್ಕಿತು.

ಒಡೆಯ ಸೌಟನ್ನು ಕೆಳಗಿಟ್ಟು ಹೊರಗೆ ಬಂದ. "ಚಂಪವ್ವ, ಏಳು. ಕೂಲಿ ಕೊಡುತ್ತೇನೆ."

"ಮೊದಲು ಇವಳನ್ನು ಕರೆಯಿರಿ," ಎಂದಳು ಚಂಪವ್ವ, ದ್ಯಾಮವ್ವನ ಕಡೆ ತೋರಿಸಿ.

ಒಡೆಯ ದ್ಯಾಮವ್ವನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ. "ಬಾ ದ್ಯಾಮವ್ವ. ಪಡಸಾಲೆಗೂ ಜಗಲಿಗೂ ಇನ್ನು ಒಂದೇ ಕೂಲಿ. ಊಟವೂ ನಮ್ಮಲ್ಲೇ, ಅದಕ್ಕೆ ಬೆಲೆಯಿಲ್ಲ."

ದ್ಯಾಮವ್ವ ಎದ್ದಳು. ರೊಟ್ಟಿಯ ಬುಟ್ಟಿ ಎತ್ತಿಕೊಂಡಳು. ಗಾಡಿಯವರು ಸರಿದು ದಾರಿ ಬಿಟ್ಟರು.

ಮುಂದಿನ ಕಂತು ವಸೂಲಿಗೆ ಅಧಿಕಾರಿ ಮತ್ತೆ ಬಂದ. ಈ ಸಲ ಒಡೆಯನೇ ಎದುರು ನಿಂತು ಹೇಳಿದ, ಇಲ್ಲಿ ಈಗ ಭಕ್ಷೀಸಿಲ್ಲ, ಕೂಲಿ ಇದೆ, ಅದು ಇಷ್ಟು ಎಂದು. ಅರಸನ ನಿಯಮದಂತೆ ಅಷ್ಟು ಕಡಿಮೆ ಕೂಲಿಗೆ ತೆರಿಗೆ ಇರಲಿಲ್ಲ. ಅಧಿಕಾರಿ ನಂಬಲಿಲ್ಲ. ಇಡೀ ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಕಾದು ನೋಡಿದ. ಹೊಸದಾಗಿ ಬಂದವರು ಕಾಸು ಚಾಚಿದರು, ಚಂಪವ್ವ ಮುಟ್ಟಲಿಲ್ಲ. ಆಗ ಜಗಲಿಯ ಗಾಡಿಯವರು ಎದ್ದು ಬಂದರು. ದ್ಯಾಮವ್ವನಿಗೆ ತಾವು ಎಂದೂ ಏನೂ ಕೊಟ್ಟಿಲ್ಲವೆಂದು ಒಬ್ಬೊಬ್ಬರೇ ಮುಂದೆ ಬಂದು ಸಾಕ್ಷಿ ಹೇಳಿದರು. ಸಾಕ್ಷಿ ಹೇಳುವವರ ಸಾಲು ಬಾಗಿಲು ದಾಟಿ ಕಡವಿನವರೆಗೂ ಬೆಳೆಯಿತು. ಅಧಿಕಾರಿ ಕೊನೆಯವನವರೆಗೂ ಕಾಯಲಿಲ್ಲ. ದ್ಯಾಮವ್ವನಿಂದ ತೆಗೆದುಕೊಂಡದ್ದನ್ನು ಅವಳ ಕೈಗೇ ಹಿಂದಿರುಗಿಸಿ ದೋಣಿ ಹತ್ತಿದ.

ವರ್ತಕರು ಆಚೆ ದಡಕ್ಕೆ ಹೋಗಲಿಲ್ಲ. ಆಚೆ ದಡದವರೇ ಹಸಿವು ತಡೆದುಕೊಂಡು ಹೊಳೆ ದಾಟಿ ಬಂದು ಇಲ್ಲಿ ಉಣ್ಣತೊಡಗಿದರು. ಚಂಪವ್ವನ ಸೆರಗಿನ ಗಂಟು ಮೊದಲಿನಷ್ಟು ಭಾರವಿರಲಿಲ್ಲ. ಆದರೆ ಅವಳು ತುಪ್ಪ ಹಿಡಿದು ಬಂದಾಗ ಈಗ ಯಾರ ಕೈಯನ್ನೂ ನೋಡುತ್ತಿರಲಿಲ್ಲ, ಎಲೆಯನ್ನು ನೋಡುತ್ತಿದ್ದಳು. ಪಂಕ್ತಿಗಳೆಲ್ಲ ಎದ್ದ ಮೇಲೆ ಬಡಿಸುವವರು ಪಡಸಾಲೆಯ ನಡುವೆಯೇ ಸಾಲಾಗಿ ಕೂರುತ್ತಿದ್ದರು. ಒಡೆಯನ ಹೆಂಡತಿ ಬಡಿಸುತ್ತಿದ್ದಳು. ತಮ್ಮ ಎಲೆಯ ಮುಂದೆ ಅವರು ರಾಣಿಯರ ಹಾಗೆ ಕುಳಿತು, ಬೇಕಾದ್ದನ್ನು ಕೇಳಿ ಹಾಕಿಸಿಕೊಂಡು ಉಣ್ಣುತ್ತಿದ್ದರು.

ಗುರುಗಳು ಕತೆ ಮುಗಿಸಿದರು.

ಸೋಮಲಿಂಗ ಕೇಳಿದ, "ಹಾಗಾದರೆ ಅಜ್ಜನವರೇ, ನಾನು ಕೊಟ್ಟದ್ದು ತಪ್ಪೇ?"

"ಕೊಟ್ಟದ್ದು ಇರಲಿ. ಆತನ ಕೂಲಿಯನ್ನೇ ಆತನ ಕೈಗೆ ಹಾಕಿ, ನಮಸ್ಕಾರಕ್ಕೆ ಯಾಕೆ ಕಾದು ನಿಂತೆ?" ಎಂದರು ಗುರುಗಳು.