ತಡವಾಗಿ ಎದ್ದ ಗುರಾಣಿ

"ಗುರುಗಳೇ, ಕತೆ ಗಟ್ಟಿಯಾಗಿದ್ದರೆ ಕಾಳಗ ಒರಟಾಗಿದ್ದರೂ ನಡೆಯುತ್ತದಲ್ಲವೇ?"

ಹೀಗೆ ಕೇಳಿದವನು ಶ್ರೇಯಾಂಸ. ಧರಣೇಂದ್ರಯ್ಯನವರ ಬಳಿ ವಿಡಿಯೋ ಗೇಮ್ ಕಟ್ಟುವ ವಿದ್ಯೆ ಕಲಿತವನು. ಅವನೂ ಅವನ ಗೆಳೆಯರೂ ಸೇರಿ ಒಂದು ಮಾಯಾಲೋಕದ ಆಟ ಕಟ್ಟಿದ್ದರು. ಆಡುವವನು ಅದರಲ್ಲಿ ಒಬ್ಬ ಯೋಧನಾಗಿ ಊರೂರು ಅಲೆಯಬೇಕು, ಕಂಡವರೊಡನೆ ಮಾತಾಡಬೇಕು, ಎದುರಾದವರೊಡನೆ ಹೋರಾಡಬೇಕು. ಪರೀಕ್ಷೆಗೆಂದು ಆಡಿದವರೆಲ್ಲ ಕತೆಗೆ ಮನಸೋತಿದ್ದರು. ಕಾಳಗದ ಮಾತು ಬಂದಾಗ ಮಾತ್ರ ಮುಖ ಸಿಂಡರಿಸಿದ್ದರು. ಗುಂಡಿ ಒತ್ತಿದರೆ ಕತ್ತಿ ಏಳುವುದು ತಡ. ಗುರಾಣಿ ಏಳುವುದು ಇನ್ನೂ ತಡ. ಅದನ್ನು ತಿದ್ದಲು ಕೂತರೆ ಆಟ ಹೊರಬರುವುದು ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಗೆಳೆಯರು ಅಷ್ಟು ಕಾಯಲು ಸಿದ್ಧರಿರಲಿಲ್ಲ.

"ಆಡುವವರು ಕತೆಗಾಗಿ ಕಾಳಗವನ್ನು ಸಹಿಸಿಕೊಳ್ಳುತ್ತಾರೆ ಅಂತ ನನ್ನ ನಂಬಿಕೆ" ಎಂದ ಶ್ರೇಯಾಂಸ.

ಧರಣೇಂದ್ರಯ್ಯ ಕೂತುಕೊಳ್ಳುವಂತೆ ಕೈ ತೋರಿಸಿ ಈ ಕತೆ ಹೇಳಿದರು.

ಒಬ್ಬ ಬಸ್ ಚಾಲಕನಿದ್ದ. ಬಹಳ ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದವನು. ಅವನ ಬಸ್ಸಿನಲ್ಲಿ ಜನ ನಿದ್ದೆ ಮಾಡುತ್ತಿದ್ದರು. ಚಾಲಕನೊಬ್ಬನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಒಂದು ದಿನ ಇಳಿಜಾರಿನಲ್ಲಿ ಅವನು ಬ್ರೇಕ್ ತುಳಿದ. ಬ್ರೇಕ್ ಹಿಡಿಯಲಿಲ್ಲ. ಮತ್ತೆ ತುಳಿದ. ಬಸ್ಸು ರಸ್ತೆ ಬದಿಯ ಬಂಡೆಗೆ ಬಡಿದು ನಿಂತಿತು. ಮುಂದಿನ ನಿಲ್ದಾಣದಲ್ಲಿ ಇಳಿಯಲೆಂದು ಎದ್ದು ಬಂದು ಬಾಗಿಲ ಬಳಿ ನಿಂತಿದ್ದ ಒಬ್ಬ ಹೆಂಗಸು ಸತ್ತುಹೋದಳು. ಉಳಿದವರಿಗೆ ಗಾಯವಾಯಿತು. ಚಾಲಕನಿಗೆ ಏನೂ ಆಗಲಿಲ್ಲ.

ವಿಚಾರಣೆ ನಡೆಯಿತು. ಬಸ್ಸನ್ನು ಬಿಚ್ಚಿ ನೋಡಿದರು. ಬ್ರೇಕಿನ ಕೊಳವೆ ಒಳಗಿಂದೊಳಗೇ ಸವೆದು ಒಡೆದಿತ್ತು. ಡಿಪೋದ ಮೇಲಧಿಕಾರಿ ಅವನನ್ನು ಕರೆದು, "ನೀನು ಬ್ರೇಕನ್ನು ಸರಿಯಾದ ಹೊತ್ತಿಗೇ ತುಳಿದಿದ್ದೀಯ. ನಿನ್ನ ತಪ್ಪೇನೂ ಇಲ್ಲ. ಸ್ವಲ್ಪ ದಿನ ಮನೆಯಲ್ಲಿದ್ದು ಸುಧಾರಿಸಿಕೊಂಡು ಬಾ" ಎಂದರು.

ಚಾಲಕ ಮನೆಗೆ ಬಂದ. ಅಧಿಕಾರಿ ಹೇಳಿದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಷ್ಟು ಹೊತ್ತು ಎದೆ ಹಗುರವಾಗುತ್ತಿತ್ತು. ಆಮೇಲೆ ಎಲ್ಲಿಂದಲೋ ಒಂದು ಅನುಮಾನ ತಲೆ ಎತ್ತುತ್ತಿತ್ತು. ನಾನು ನಿಜವಾಗಿಯೂ ಹೊತ್ತಿಗೆ ಸರಿಯಾಗಿ ತುಳಿದೆನೇ? ಕಣ್ಣು ಕಂಡ ಕೂಡಲೇ ಕಾಲು ಕೆಲಸ ಮಾಡಿತ್ತೇ, ಅಥವಾ ಒಂದು ಉಸಿರಿನಷ್ಟು ಹಿಂದೆ ಬಿದ್ದಿತ್ತೇ? ಬಸ್ಸಿನಲ್ಲಿದ್ದ ಯಾರಿಗೂ ಅದು ಗೊತ್ತಿಲ್ಲ. ಅವನಿಗೊಬ್ಬನಿಗೆ ಗೊತ್ತಿರಬೇಕಿತ್ತು. ಅವನಿಗೂ ನೆನಪಾಗುತ್ತಿರಲಿಲ್ಲ.

ಊಟ ಸೇರುತ್ತಿರಲಿಲ್ಲ. ಯಾರೊಡನೆಯೂ ಮಾತಿಲ್ಲ. ಹೆಂಡತಿ ನೋಡುವಷ್ಟು ದಿನ ನೋಡಿದಳು. ಅವಳ ತಮ್ಮ ಬಿಟ್ಟುಹೋಗಿದ್ದ ಆಟದ ಯಂತ್ರವೊಂದು ಮನೆಯಲ್ಲಿತ್ತು. ಅದನ್ನು ಟಿವಿಗೆ ಜೋಡಿಸಿ, "ಸುಮ್ಮನೆ ಗೋಡೆ ನೋಡುತ್ತಾ ಕೂರುವುದಕ್ಕಿಂತ ಇದನ್ನಾದರೂ ನೋಡಿ" ಎಂದಳು.

ಅವನು ಎಂದೂ ಇಂಥದ್ದನ್ನು ಮುಟ್ಟಿದವನಲ್ಲ. ಬೇಸರದಿಂದಲೇ ಕೈಗೆ ತೆಗೆದುಕೊಂಡ.

ಆ ಆಟದಲ್ಲಿ ಅವನು ಒಬ್ಬ ಕಾವಲುಗಾರ. ಕಣ್ಣಿಲ್ಲದ ಅಜ್ಜಿಯೊಬ್ಬಳನ್ನೂ ಅವಳ ಮೊಮ್ಮಗಳನ್ನೂ ಮಾಯದ ಕಾಡು ದಾಟಿಸಿ, ನದಿಯ ಆಚೆ ದಡದಲ್ಲಿರುವ ಆ ಮಗುವಿನ ತಾಯಿಯ ಬಳಿ ಸೇರಿಸಬೇಕು. ಕತೆ ಕಟ್ಟಿದವರು ಯಾರೋ, ಮನುಷ್ಯರನ್ನು ಬಲ್ಲವರು. ಆ ಹುಡುಗಿ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕಾವಲುಗಾರನಿಗೆಂದು ಎತ್ತಿಡುತ್ತಿದ್ದಳು. ಅಜ್ಜಿ ನಿದ್ದೆ ಹೋದಮೇಲೆ ಕಂಬಳಿಯನ್ನು ಮೆಲ್ಲಗೆ ಅವಳ ಕಡೆಗೆ ಸರಿಸುತ್ತಿದ್ದಳು. ಕಾಡಿನಲ್ಲಿ ಏನಾದರೂ ಸದ್ದಾದರೆ ಕಾವಲುಗಾರನ ಕಡೆ ತಿರುಗಿ, "ನೀನು ಇರುತ್ತೀಯಲ್ಲ?" ಎಂದು ಕೇಳುತ್ತಿದ್ದಳು.

"ಇರುತ್ತೇನೆ" ಎಂದು ಚಾಲಕ ಬಾಯಿಬಿಟ್ಟೇ ಹೇಳುತ್ತಿದ್ದ.

ಒಂದು ದಿನ ಹುಡುಗಿಯೂ ಅಜ್ಜಿಯೂ ಜಗಳವಾಡುವುದನ್ನು ನೋಡಿ ಅವನು ನಕ್ಕ. ಅಡುಗೆಮನೆಯಲ್ಲಿದ್ದ ಹೆಂಡತಿ ಆ ನಗು ಕೇಳಿ ಅಲ್ಲೇ ಕೂತು ಅತ್ತಳು. ಅಪಘಾತವಾದಮೇಲೆ ಅವನು ನಕ್ಕಿರಲಿಲ್ಲ.

ಕಾಳಗ ಮಾತ್ರ ಸರಿಯಿರಲಿಲ್ಲ. ತೋಳಗಳು ಬಂದವು. ಅವನು ಗುಂಡಿ ಒತ್ತಿದ, ಕತ್ತಿ ಏಳಲಿಲ್ಲ. ತೋಳ ಕಚ್ಚಿದಮೇಲೆ ಎದ್ದಿತು. ಕಳ್ಳರು ಬಂದರು. ಎಡಕ್ಕೆ ತಿರುಗಿಸಿದರೆ ಕಾವಲುಗಾರ ಒಂದು ಕ್ಷಣ ನಿಂತು ಆಮೇಲೆ ತಿರುಗುತ್ತಿದ್ದ. ಚಾಲಕ ಮತ್ತೆ ಮತ್ತೆ ಸೋತ, ಮತ್ತೆ ಮತ್ತೆ ಆಡಿದ, ಹೇಗೋ ಗೆದ್ದು ಮುಂದೆ ಹೋದ. ಪ್ರತಿ ಕಾಳಗಕ್ಕೂ ಅವನ ಅಂಗೈ ಬೆವರುತ್ತಿತ್ತು. ಗುಂಡಿ ಒತ್ತುವುದಕ್ಕೂ ಕತ್ತಿ ಏಳುವುದಕ್ಕೂ ನಡುವೆ ಒಂದು ಸಣ್ಣ ಖಾಲಿ ಜಾಗವಿತ್ತು. ಆ ಜಾಗ ಅವನಿಗೆ ಪರಿಚಯದ್ದು. ಇಳಿಜಾರಿನಲ್ಲಿ ಅವನ ಕಾಲಿನ ಕೆಳಗೆ ಇದ್ದದ್ದು ಅದೇ.

"ಅಷ್ಟು ಹೆದರಿಕೆಯಾದರೆ ಬಿಟ್ಟುಬಿಡಿ" ಎಂದಳು ಹೆಂಡತಿ.

"ಹೊಡೆದಾಟ ಸರಿಯಾಗಿ ಮಾಡಿಲ್ಲ, ನಿಜ" ಎಂದ ಅವನು. "ಹೋಗಲಿ ಬಿಡು. ಆ ಮಗು ಅವಳ ತಾಯಿಯ ಹತ್ತಿರ ಹೋಗುವುದನ್ನು ನಾನು ನೋಡಬೇಕು."

ಹೀಗೆ ಅವನು ಕತೆಗಾಗಿ ಕಾಳಗವನ್ನು ಸಹಿಸಿಕೊಂಡ.

ಇಷ್ಟು ಹೇಳಿ ಧರಣೇಂದ್ರಯ್ಯ ಶಿಷ್ಯನ ಕಡೆ ನೋಡಿದರು. ತನ್ನ ಮಾತನ್ನೇ ಗುರುಗಳು ಎತ್ತಿ ಆಡಿದ್ದು ಶ್ರೇಯಾಂಸನಿಗೆ ತಿಳಿಯಿತು. ಅವನು ತಲೆಯಾಡಿಸಿದ. ಅವರು ಮುಂದುವರಿಸಿದರು.

ಕಾಡಿನ ಕೊನೆಗೆ ಒಂದು ಕಣಿವೆ. ಕಣಿವೆಯಾಚೆ ನದಿ, ನದಿಯಾಚೆ ತಾಯಿ. ಕಣಿವೆಯ ಬಾಯಲ್ಲಿ ಹುಡುಗಿ ನಿಂತಳು. "ನೀನು ಇರುತ್ತೀಯಲ್ಲ?" ಎಂದಳು. ಅವನು ಇರುತ್ತೇನೆ ಎಂದ.

ಮೇಲಿನ ಇಳಿಜಾರಿನಿಂದ ಒಂದು ಕರಿಯ ಮೃಗ ಇಳಿದು ಬಂತು. ಚಾಲಕ ಅದನ್ನು ದೂರದಲ್ಲೇ ಕಂಡ. ರಸ್ತೆ ನೋಡಿ ಪಳಗಿದ ಕಣ್ಣು. ಯಾವುದು ಯಾವ ವೇಗದಲ್ಲಿ ಎಲ್ಲಿಗೆ ಬರುತ್ತದೆ ಎಂಬುದು ಅದಕ್ಕೆ ಗೊತ್ತು. ಅವನು ಗುರಾಣಿಯ ಗುಂಡಿಯನ್ನು ಒತ್ತಿದ. ಗುರಾಣಿ ಏಳಲಿಲ್ಲ. ಇನ್ನೊಮ್ಮೆ ಒತ್ತಿದ. ಮೃಗ ಅವನನ್ನು ದಾಟಿ ಹೋಯಿತು. ಅದು ದಾಟಿದಮೇಲೆ ಗುರಾಣಿ ಎದ್ದಿತು. ಅಷ್ಟರಲ್ಲಿ ಹುಡುಗಿ ಬಿದ್ದಿದ್ದಳು.

ಅವಳು ಸತ್ತರೂ ಆಟ ನಿಲ್ಲಲಿಲ್ಲ. ಕತೆ ಬರೆದವರು ಅದನ್ನೂ ಬರೆದಿದ್ದರು, ಚೆನ್ನಾಗಿಯೇ ಬರೆದಿದ್ದರು. ಅಜ್ಜಿ ನೆಲ ತಡಕುತ್ತಾ ಬಂದಳು. ಮೊಮ್ಮಗಳ ಕಾಲು ಸಿಕ್ಕಿತು, ಕೈ ಸಿಕ್ಕಿತು, ಆಮೇಲೆ ಮುಖ ಸಿಕ್ಕಿತು. ಬಹಳ ಹೊತ್ತು ಆ ಮುಖ ಸವರಿದಳು. ಕೊನೆಗೆ ಕಾವಲುಗಾರನಿದ್ದ ಕಡೆಗೆ ತಿರುಗಿ, "ನನಗಂತೂ ಕಣ್ಣಿಲ್ಲ. ನೀನು ನೋಡುತ್ತಿದ್ದೆಯಲ್ಲ, ನಿನ್ನ ಕೈಗೆ ಏನಾಗಿತ್ತು?" ಎಂದಳು.

ಇಂಥ ಆಟಗಳಲ್ಲಿ ಉತ್ತರವನ್ನು ಆಡುವವನೇ ಆರಿಸಬೇಕು. ಪರದೆಯ ಮೇಲೆ ಮೂರು ಉತ್ತರಗಳು ಬಂದವು. ನಾನು ಹೆದರಿದೆ. ನನಗೆ ಕಾಣಲಿಲ್ಲ. ನಾನು ತಡಮಾಡಿದೆ.

ಚಾಲಕ ಕೆಳಗೆ ಇನ್ನೊಂದು ಉತ್ತರ ಇದೆಯೇ ಎಂದು ಹುಡುಕಿದ. ನಾನು ಸರಿಯಾದ ಹೊತ್ತಿಗೇ ಒತ್ತಿದೆ, ಗುರಾಣಿಯೇ ಏಳಲಿಲ್ಲ ಎಂಬ ಉತ್ತರ ಅಲ್ಲಿರಲಿಲ್ಲ. ಅಜ್ಜಿ ಮುಖವೆತ್ತಿಕೊಂಡು ಕಾಯುತ್ತಿದ್ದಳು. ಉತ್ತರ ಕೊಡದೆ ಆಟ ಮುಂದೆ ಹೋಗುವಂತಿರಲಿಲ್ಲ. ಅವನು ಕೊನೆಗೆ ಮೂರನೆಯದನ್ನು ಒತ್ತಿದ.

ನಾನು ತಡಮಾಡಿದೆ.

ವಿಚಾರಣೆಯಲ್ಲಿ ಯಾರೂ ಅವನ ಬಾಯಿಂದ ಹೇಳಿಸದ ಮಾತು ಅದು.

ಶ್ರೇಯಾಂಸ ತಡೆಯಲಾರದೆ ಕೇಳಿದ. "ಗುರುಗಳೇ, ತೋಳ ಬಂದಾಗಿನಿಂದಲೂ ಕತ್ತಿ ತಡವಾಗಿಯೇ ಏಳುತ್ತಿತ್ತು. ದೋಷ ಆಟದ್ದು ಅಂತ ಅವನಿಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು. ಹೆಂಡತಿಯ ಬಳಿ ತಾನೇ ಹೇಳಿದ್ದ. ಆದರೆ ಅಜ್ಜಿ ಕೇಳಿದ್ದು ಯಂತ್ರವನ್ನಲ್ಲ, ಅವನನ್ನು. ಅಷ್ಟು ದಿನ ಅವಳ ಜೊತೆ ನಡೆದವನು ಅವಳ ಮಾತನ್ನು ನಂಬದೆ ಇರುವುದು ಹೇಗೆ?" ಎಂದು ಧರಣೇಂದ್ರಯ್ಯ ಕತೆ ಮುಂದುವರಿಸಿದರು.

ಅವನು ಆಟವನ್ನು ಹಿಂದಕ್ಕೆ, ಕಣಿವೆಯ ಬಾಯಿಗೇ ಒಯ್ದು ಮತ್ತೆ ಆಡಿದ. ಹುಡುಗಿ ಮತ್ತೆ ಕೇಳಿದಳು, ಮೃಗ ಮತ್ತೆ ಬಂತು, ಗುರಾಣಿ ಮತ್ತೆ ತಡವಾಗಿ ಎದ್ದಿತು. ಎಷ್ಟು ಬೇಗ ಒತ್ತಿದರೂ ಅಷ್ಟೇ. "ಇರುತ್ತೀಯಲ್ಲ?" ಎಂದು ಅವಳು ಕೇಳುವಾಗ ಅವನು ಈಗ ಉತ್ತರ ಕೊಡುತ್ತಿರಲಿಲ್ಲ. ಕೊನೆಗೊಂದು ದಿನ ಕಣಿವೆಯ ಬಾಯಲ್ಲೇ ಅವರಿಬ್ಬರನ್ನೂ ನಿಲ್ಲಿಸಿ ಯಂತ್ರ ಆರಿಸಿದ. ಮತ್ತೆ ಹಚ್ಚಲಿಲ್ಲ.

ಅಲ್ಲಿಂದ ಅವನಿಗೆ ತನ್ನ ಕೈಯ ಭಯ ಶುರುವಾಯಿತು. ಮೇಜಿನ ಅಂಚಿನಿಂದ ಚಮಚ ಬೀಳಿಸಿ ಇನ್ನೊಂದು ಕೈಯಿಂದ ಹಿಡಿಯಲು ನೋಡುತ್ತಿದ್ದ. ಹಿಡಿದದ್ದನ್ನು ಮರೆಯುತ್ತಿದ್ದ, ತಪ್ಪಿದ್ದನ್ನು ನೆನಪಿಡುತ್ತಿದ್ದ. ಬಿಸಿನೀರಿನ ಹಂಡೆ ಎತ್ತುವಾಗ ಹೆಂಡತಿಯನ್ನು ದೂರ ಹೋಗು ಎನ್ನುತ್ತಿದ್ದ. ಪಕ್ಕದ ಮನೆಯವರು ಕೂಸನ್ನು ಎತ್ತಿಕೊಳ್ಳಿ ಎಂದು ಕೊಟ್ಟರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ.

ಹೆಂಡತಿಗೆ ಕಾರಣ ತಿಳಿಯಲು ತಡವಾಗಲಿಲ್ಲ. ಅವಳೇ ಯಂತ್ರ ಹಚ್ಚಿದಳು. ಅವನ ಕಣ್ಣೆದುರಿಗೇ ಗುಂಡಿ ಒತ್ತಿ ತೋರಿಸಿದಳು.

"ನೋಡಿ, ನಾನು ಒತ್ತಿದೆ. ಎದ್ದಿತೇ? ಈಗ ಏಳುತ್ತಿದೆ. ಇದು ಇರುವುದೇ ಹೀಗೆ. ನಿಮ್ಮ ಕೈಯಲ್ಲಿ ಏನೂ ಇಲ್ಲ."

ಅವನು ಪರದೆಯನ್ನು ನೋಡಲಿಲ್ಲ, ಅವಳ ಬೆರಳುಗಳನ್ನು ನೋಡಿದ.

"ನಿನ್ನ ಕೈಯೂ ನಿಧಾನವಿರಬಹುದು" ಎಂದ. "ಇಷ್ಟು ವರ್ಷ ನನ್ನ ಜೊತೆ ಇದ್ದೀಯ, ನನ್ನದೇ ಅಂಟಿರಬೇಕು."

ಅದನ್ನು ಕೇಳಿ ಅವಳಿಗೆ ಭಯವಾಯಿತು. ಮತ್ತೆ ಆ ಮಾತು ಎತ್ತಲಿಲ್ಲ.

ಕೆಲಸಕ್ಕೆ ಹಾಜರಾಗುವ ದಿನ ಬಂತು. ಅವನು ಸಮವಸ್ತ್ರ ಹಾಕಿಕೊಂಡು ಡಿಪೋಗೆ ಹೋದ. ಹೊಸ ಬಸ್ಸು ಕೊಟ್ಟಿದ್ದರು. ಬ್ರೇಕನ್ನು ಅವನೆದುರಿಗೇ ಪರೀಕ್ಷಿಸಿ ತೋರಿಸಿದರು. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ನಿಲ್ದಾಣದಲ್ಲಿ ಜನ ಹತ್ತಿದರು. ಅವನನ್ನು ಗುರುತಿಸಿದ ಒಬ್ಬ ಮುದುಕ, "ಬಂದೆಯಾ, ಒಳ್ಳೆಯದಾಯಿತು" ಎಂದು ಹೇಳಿ ಹಿಂದೆ ಹೋಗಿ ಕೂತು ಆಗಲೇ ಕಣ್ಣು ಮುಚ್ಚಿಕೊಂಡ. ಕಂಡಕ್ಟರ್ ಸೀಟಿ ಊದಿದ.

ಬಸ್ಸು ಹೊರಡಲಿಲ್ಲ. ಕಂಡಕ್ಟರ್ ಮತ್ತೆ ಊದಿದ. ಚಾಲಕ ಬ್ರೇಕಿನ ಮೇಲೆ ಕಾಲಿಟ್ಟು ಕೂತಿದ್ದ. ಕಾಲು ತೆಗೆದರೆ ಮತ್ತೆ ಇಡಬೇಕು, ಇಡುವಷ್ಟರಲ್ಲಿ ತಡವಾಗುತ್ತದೆ ಎಂದು ಅವನಿಗೆ ಅನ್ನಿಸಿತು. ಕನ್ನಡಿಯಲ್ಲಿ ಜನರ ಮುಖಗಳು ಕಾಣುತ್ತಿದ್ದವು. ಎಲ್ಲರೂ ಅವನನ್ನು ನಂಬಿ ಕೂತಿದ್ದರು. ಅದನ್ನೇ ಅವನಿಂದ ನೋಡಲಾಗಲಿಲ್ಲ. ಎಂಜಿನ್ ಆರಿಸಿ ಕೆಳಗಿಳಿದ.

ಅಧಿಕಾರಿಯ ಮುಂದೆ ಹೋಗಿ, "ನನ್ನಿಂದ ಆಗುವುದಿಲ್ಲ ಸಾಹೇಬರೇ. ಅವತ್ತು ತಪ್ಪು ನನ್ನದೇ. ನಾನು ತಡಮಾಡಿದೆ" ಎಂದ.

"ಕೊಳವೆ ಒಡೆದದ್ದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವಲ್ಲಪ್ಪ."

"ಕೊಳವೆ ನೋಡಿದ್ದೀರಿ. ನನ್ನ ಕಾಲು ನೋಡಿಲ್ಲ."

ಅವರು ತಿಳಿಹೇಳಿದರು, ವೈದ್ಯರ ಬಳಿ ಕಳಿಸಿದರು, ಮತ್ತಷ್ಟು ರಜೆ ಕೊಟ್ಟರು. ಏನೂ ಆಗಲಿಲ್ಲ. ಅವನು ಕೆಲಸ ಬಿಟ್ಟ. ಆಮೇಲೆ ಬಸ್ಸು ಹತ್ತುವುದನ್ನೂ ಬಿಟ್ಟ. ಈಗ ರಸ್ತೆ ದಾಟಬೇಕಾದರೆ ಹೆಂಡತಿ ಬಂದು ಕೈ ಹಿಡಿಯುವವರೆಗೆ ಬದಿಯಲ್ಲೇ ನಿಂತಿರುತ್ತಾನೆ.

ಧರಣೇಂದ್ರಯ್ಯ ಕತೆ ಮುಗಿಸಿದರು. ಶ್ರೇಯಾಂಸನ ಕಣ್ಣಲ್ಲಿ ನೀರಿತ್ತು. ಆದರೂ ಮನಸ್ಸು ಪೂರ್ತಿ ಒಪ್ಪಿರಲಿಲ್ಲ.

"ಪಾಪದವನು" ಎಂದ. "ಆದರೆ ಗುರುಗಳೇ, ಎಲ್ಲ ಆಟಗಾರರೂ ಅಂಥ ಗಾಯ ಹೊತ್ತು ಬರುವುದಿಲ್ಲ. ಅದೂ ಅಲ್ಲದೆ, ಏನೇ ಹೇಳಿ, ಆ ಆಟದ ಕತೆ ಚೆನ್ನಾಗಿತ್ತು."

"ಹೌದಪ್ಪ" ಎಂದರು ಧರಣೇಂದ್ರಯ್ಯ. "ಕತೆ ಅಷ್ಟು ಚೆನ್ನಾಗಿಲ್ಲದಿದ್ದರೆ ಅವನು ಮೊದಲ ತೋಳ ಬಂದಾಗಲೇ ಆಟ ಬಿಟ್ಟು ಎದ್ದಿರುತ್ತಿದ್ದ, ಇವತ್ತಿಗೂ ಬಸ್ಸು ಓಡಿಸುತ್ತಿದ್ದ."