ಈಶಾನ್ಯದ ಬಾವಿ

“ಗುರುಗಳೇ, ತಿಳಿಯದೆ ಆದ ತಪ್ಪಿಗೂ ಮನುಷ್ಯ ಹೊಣೆಯೇ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಊರಾಚೆ ಜಾಗ ಕೊಂಡು, ಪೂರ್ವದಿಂದ ಪಶ್ಚಿಮಕ್ಕೆ ಒಂದೇ ಸಾಲಿನಲ್ಲಿ ನಾಲ್ಕು ಮನೆ ಕಟ್ಟಿಸಿದ. ಶಾಸ್ತ್ರದ ವಿಷಯದಲ್ಲಿ ಬಲು ಅಚ್ಚುಕಟ್ಟು ಮನುಷ್ಯ. ಪ್ರತಿ ಮನೆಗೂ ಈಶಾನ್ಯ ಮೂಲೆಯಲ್ಲಿ ಬಾವಿ, ವಾಯವ್ಯ ಮೂಲೆಯಲ್ಲಿ ಪಾಯಿಖಾನೆಯ ಗುಂಡಿ. ಎರಡರ ನಡುವೆ ಹಿತ್ತಿಲಿನ ಅಗಲದಷ್ಟು ಅಂತರ. ಇನ್ನೇನು ಬೇಕು? ಪೂರ್ವದ ತುದಿಯ ಮನೆಯಲ್ಲಿ ತಾನು ನೆಲೆಸಿದ. ಅದರ ಪಕ್ಕದ ಮನೆಯನ್ನು, ಗಂಡನನ್ನು ಕಳೆದುಕೊಂಡಿದ್ದ ತಂಗಿಗೆ ಕೊಟ್ಟ. ಅವಳೆಂದರೆ ಅವನಿಗೆ ಪ್ರಾಣ. ಕಣ್ಣೆದುರಿಗೇ ಇರಲಿ ಎಂಬ ಆಸೆ. ಉಳಿದೆರಡು ಮನೆಗೆ ಇನ್ನೂ ಜನ ಬಂದಿರಲಿಲ್ಲ.

ಎರಡನೆಯ ಮಳೆಗಾಲದಲ್ಲಿ ತಂಗಿ ಬಂದು, “ಅಣ್ಣಾ, ನಮ್ಮ ಬಾವಿ ನೀರು ಯಾಕೋ ವಾಸನೆ ಬರ್ತಿದೆ,” ಎಂದಳು. ವರ್ತಕ ನಕ್ಕುಬಿಟ್ಟ. ತನ್ನ ಬಾವಿಯಿಂದ ನೀರು ಸೇದಿ, ಅವಳೆದುರಿಗೇ ಒಂದು ಚೊಂಬು ಗಟಗಟನೆ ಕುಡಿದ. “ನೋಡು, ಎಳನೀರಿನ ಹಾಗಿದೆ! ಎರಡೂ ಬಾವಿ ಒಂದೇ ಅಳತೆ, ಒಂದೇ ಮೂಲೆ. ನಿನಗೆಲ್ಲೋ ಭ್ರಮೆ ಕಣಮ್ಮ,” ಎಂದ. ಅಣ್ಣ ಹೇಳಿದ ಮೇಲೆ ಮುಗಿಯಿತಲ್ಲ! ಪಾಪ, ಅವಳು ಸುಮ್ಮನೆ ಮನೆಗೆ ಹೋಗಿ ಅದೇ ನೀರು ಕುಡಿದಳು.

ಆ ತಿಂಗಳೇ ಅವಳಿಗೆ ವಾಂತಿಭೇದಿ ಹಿಡಿಯಿತು. ವೈದ್ಯರ ಕೈಯಲ್ಲೂ ಆಗಲಿಲ್ಲ. ಮೂರು ದಿನ ವರ್ತಕ ಅವಳ ತಲೆದೆಸೆ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಅವಳು ತೀರಿಕೊಂಡಳು.

ಕರ್ಮಗಳೆಲ್ಲ ಮುಗಿದ ಮೇಲೆ ವರ್ತಕ ಬಾವಿ ತೋಡುವವನೊಬ್ಬನನ್ನು ಕರೆಸಿದ. ಅವನು ತಂಗಿಯ ಬಾವಿಗೆ ಇಳಿದು ನೋಡಿ, ಮೂಗು ಮುಚ್ಚಿಕೊಂಡು ಮೇಲೆ ಬಂದ. “ಪೂರ್ವದ ಕಡೆಯಿಂದ ಒಸರ್ತಿದೆ ಸ್ವಾಮಿ. ಈ ಗೋಡೆಯ ಆಚೆ ಏನಿದೆ?” ಎಂದ.

ಆಚೆ ಇದ್ದದ್ದು ವರ್ತಕನ ಹಿತ್ತಿಲ ವಾಯವ್ಯ ಮೂಲೆ. ಅವನದೇ ಗುಂಡಿ. ಸಾಲುಮನೆಯಲ್ಲಿ ಒಬ್ಬರ ವಾಯವ್ಯ ಪಕ್ಕದವರ ಈಶಾನ್ಯಕ್ಕೆ ತಾಗುತ್ತದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಅವನ ಮನೆಯ ಪೂರ್ವಕ್ಕೆ ಯಾರೂ ಇರಲಿಲ್ಲ. ಅದಕ್ಕೇ ಅವನ ನೀರು ಕೆಡಲಿಲ್ಲ. ನಾಲ್ಕೂ ಗುಂಡಿ ಮುಚ್ಚಿಸಿ, ಕೊಳಚೆ ಸಾಗಲು ಬೇರೆ ಚರಂಡಿ ತೋಡಿಸಿದ. ಆದರೆ ತಂಗಿಯ ಮನೆಯ ಬೀಗ ತೆಗೆಯಲು ಮಾತ್ರ ಅವನಿಗೆ ಕೊನೆಯವರೆಗೂ ಕೈ ಏಳಲಿಲ್ಲ.

ಮರುಳಯ್ಯನ ಕಣ್ಣು ತೇವವಾಯಿತು. “ಅಯ್ಯೋ, ಅವನಿಗೇನು ಗೊತ್ತಿತ್ತು ಗುರುಗಳೇ?”

“ಗೊತ್ತಾಗಲು ಅವಳ ಬಾವಿಯ ನೀರು ಒಂದು ಗುಟುಕು ಸಾಕಿತ್ತಲ್ಲ ಮರುಳಯ್ಯ,” ಎಂದರು ಗುರುಗಳು.